ಕಂಪನಿ ತಾನಾಗಿಯೇ ಷರತ್ತು ಬದಲಿಸಿದರೆ ಏನು ಮಾಡಬೇಕು?

‘ನಮ್ಮ ನಿಯಮಗಳು ಬದಲಾಗಿವೆ. ಸೇವೆ ಮುಂದುವರಿಸಿದರೆ ನೀವು ಒಪ್ಪಿದಂತೆ.’ ಇಂಥ ಮೆಸೇಜ್ ಬಂದ ಕೂಡಲೇ ಓದದೆ ಅಳಿಸಿಬಿಡುತ್ತೇವೆ, ಅಲ್ವಾ? ದಯವಿಟ್ಟು ಅಳಿಸಬೇಡಿ. ನಾಳೆ ತಕರಾರು ಎದ್ದರೆ ನಿಮ್ಮ ಮೊದಲ ಸಾಕ್ಷಿ ಅದೇ.

ತಾರೀಖು ಕಾಣುವ ಹಾಗೆ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಸೇರುವಾಗ ನೀವು ಒಪ್ಪಿದ್ದ ಹಳೆ ಕರಾರನ್ನು ಇಮೇಲ್‌ನಲ್ಲಿ ಹುಡುಕಿ. ಸಿಗದಿದ್ದರೆ ಕಂಪನಿಯನ್ನೇ ಕೇಳಿ. ವೆಬ್‌ಸೈಟ್‌ನಲ್ಲಿ ಅಷ್ಟರಲ್ಲಿ ಹೊಸದನ್ನು ಹಾಕಿರುತ್ತಾರೆ.

ಈಗ ಹಳೆ ಕರಾರಿನಲ್ಲಿ ಬದಲಾವಣೆಯ ಬಗ್ಗೆ ಏನಿದೆ ನೋಡಿ. ಯಾವ ಕಾರಣಕ್ಕೆ ಬದಲಿಸಬಹುದು? ಎಷ್ಟು ದಿನ ಮೊದಲು ತಿಳಿಸಬೇಕು? ಒಪ್ಪದವರು ದಂಡ ಕಟ್ಟದೆ ಹೊರಬರಬಹುದಾ? ‘ಯಾವಾಗ ಬೇಕಾದರೂ ಬದಲಿಸುವ ಹಕ್ಕು ನಮ್ಮದು’ ಅಂತಷ್ಟೇ ಇದ್ದರೆ ಹೆದರಬೇಡಿ. ಬರೆದುಕೊಂಡ ಮಾತ್ರಕ್ಕೆ ಅದು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಸರಿಯಾದ ಕಾರಣವನ್ನು ಕರಾರಿನಲ್ಲೇ ಹೇಳದೆ ಷರತ್ತು ಬದಲಿಸುವುದನ್ನು ಐರೋಪ್ಯ ಒಕ್ಕೂಟದ 1993ರ ನಿರ್ದೇಶನ, ಅನ್ಯಾಯ ಎನಿಸಬಹುದಾದ ಷರತ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಭಾರತದಲ್ಲಿ ಕ್ರೆಡಿಟ್ ಕಾರ್ಡ್ ಶುಲ್ಕ ಬದಲಿಸಲು ಕನಿಷ್ಠ ಒಂದು ತಿಂಗಳ ಮುನ್ಸೂಚನೆ ಕೊಡಬೇಕು ಎನ್ನುತ್ತದೆ ರಿಸರ್ವ್ ಬ್ಯಾಂಕ್. ಹೊಸ ಶುಲ್ಕ ಬೇಡ ಎನ್ನುವವರು ಬಾಕಿ ತೀರಿಸಿ ಕಾರ್ಡ್ ಮರಳಿಸಿದರೆ, ಅದಕ್ಕೆ ಬೇರೆ ದುಡ್ಡು ಕೇಳುವಂತಿಲ್ಲ.

ಜಾಸ್ತಿ ಜನ ಎಡವುವುದು ತಡ ಮಾಡಿ. ಗಡುವು ಮುಗಿಯುವವರೆಗೆ ಸುಮ್ನೆ ಇದ್ದರೆ ಒಪ್ಪಿದಂತೆ ಎಂದೇ ಎಷ್ಟೋ ಕಡೆ ಲೆಕ್ಕ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೂಗಾಡಿದ್ದು ನಿಮ್ಮ ಕೈಯಲ್ಲಿ ದಾಖಲೆಯಾಗಿ ಉಳಿಯುವುದಿಲ್ಲ. ಇಮೇಲ್ ಮಾಡಿ. ಇಷ್ಟು ಬರೆದರೆ ಸಾಕು:

‘ನೀವು ತಿಳಿಸಿದ ಬದಲಾವಣೆಗೆ ನನ್ನ ಒಪ್ಪಿಗೆ ಇಲ್ಲ. ಹಳೆ ಷರತ್ತಿನಂತೆಯೇ ಸೇವೆ ಮುಂದುವರಿಸಿ. ಆಗದಿದ್ದರೆ ದಂಡವಿಲ್ಲದೆ ಕರಾರು ಮುಗಿಸಿ, ಉಳಿದ ಅವಧಿಯ ಹಣ ವಾಪಸ್ ಕೊಡಿ. ಲಿಖಿತ ಉತ್ತರ ಬೇಕು.’

ಸಿಟ್ಟಿಗೆ ಹಣ ಕಟ್ಟುವುದನ್ನೇ ನಿಲ್ಲಿಸಬೇಡಿ. ಬಾಕಿದಾರರ ಪಟ್ಟಿಗೆ ನಿಮ್ಮನ್ನು ಸೇರಿಸಿದರೆ ಅದೊಂದು ಹೊಸ ತಲೆನೋವು. ಹೆಚ್ಚಾದ ಮೊತ್ತವನ್ನು ಆಕ್ಷೇಪದೊಂದಿಗೆ ಕಟ್ಟುತ್ತಿದ್ದೇನೆ ಎಂದು ಬರೆದು ಕಟ್ಟಿ.

ಉತ್ತರ ಬರದಿದ್ದರೆ ಕಂಪನಿಯ ದೂರು ಅಧಿಕಾರಿಗೆ, ಆಮೇಲೆ ಆ ಕ್ಷೇತ್ರದ ನಿಯಂತ್ರಕರಿಗೆ ಅಥವಾ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿ) ಬರೆಯಿರಿ. ಭಾರತದಲ್ಲಾದರೆ ಗ್ರಾಹಕ ಸಹಾಯವಾಣಿ 1915 ಇದೆ. ಕರಾರೇ ಅನ್ಯಾಯದ್ದು ಎಂಬ ದೂರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕಲ್ಲ, ರಾಜ್ಯ ಆಯೋಗಕ್ಕೆ ಕೊಡಬೇಕು. ಎರಡು ವರ್ಷದೊಳಗೆ ಕೊಡಿ. ಅನ್ಯಾಯದ ಷರತ್ತನ್ನು ರದ್ದು ಎಂದು ಘೋಷಿಸುವ ಅಧಿಕಾರ ಆ ಆಯೋಗಕ್ಕಿದೆ.