ಕಾರಿನ ಬ್ಯಾಟರಿ ನೀವೇ ಬದಲಿಸಿ, ಆದರೆ ಸ್ಪ್ಯಾನರ್ ಹಿಡಿಯುವ ಮೊದಲು ಇದನ್ನು ಓದಿ

ಆಯುಧಪೂಜೆಯ ಬೆಳಿಗ್ಗೆ. ಕಾರು ತೊಳೆದಾಗಿತ್ತು, ಬಾನೆಟ್ ಮೇಲೆ ಚೆಂಡುಹೂವಿನ ಹಾರ, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು. ಕುಂಬಳಕಾಯಿಯೂ ಒಡೆದಾಯಿತು. ಇನ್ನು ಒಂದು ಸುತ್ತು ಹೋಗಿಬರೋಣ ಅಂತ ಬಟನ್ ಒತ್ತಿದರೆ ಟಕ್ ಟಕ್ ಟಕ್. ಸೆಲ್ಫ್ ಎತ್ತಲೇ ಇಲ್ಲ. ಗ್ಯಾರೇಜಿಗೆ ಫೋನ್ ಮಾಡಿದರೆ ಅಲ್ಲೂ ಪೂಜೆ.

ಮರುದಿನ ಹೊಸ ಬ್ಯಾಟರಿ ತಂದು ನಾನೇ ಹಾಕಿದೆ. ಹತ್ತು ನಿಮಿಷದ ಕೆಲಸ. ಮನೆಯವರೆಲ್ಲ ಮೆಚ್ಚಿದರು. ಹನ್ನೆರಡು ದಿನ ಕಳೆಯುವಷ್ಟರಲ್ಲಿ ಮತ್ತೆ ಅದೇ ಟಕ್ ಟಕ್! ಕೊನೆಗೆ ಕಳ್ಳ ಸಿಕ್ಕಿದ್ದು ಡ್ಯಾಶ್‌ಕ್ಯಾಮ್ ವೈರಿನಲ್ಲಿ. ಆಕ್ಸೆಸರಿ ಅಂಗಡಿಯಲ್ಲಿ ಅದನ್ನು ಎಂಥ ಫ್ಯೂಸಿಗೆ ಸಿಕ್ಕಿಸಿದ್ದರೆಂದರೆ, ಕಾರು ಆಫ್ ಆದಮೇಲೂ ಕ್ಯಾಮೆರಾ ರಾತ್ರಿಯಿಡೀ ಕರೆಂಟ್ ಕುಡಿಯುತ್ತಿತ್ತು. ಹಳೆಯ ಬ್ಯಾಟರಿ ಸತ್ತೇ ಇರಲಿಲ್ಲವೋ ಏನೋ.

ಹಾಗಾಗಿ ಮೊದಲು ಪರೀಕ್ಷೆ. ನಾಲ್ಕೈದು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಕಾರು ರಾತ್ರಿಯಿಡೀ ನಿಂತಮೇಲೆ ಬೆಳಿಗ್ಗೆ ಬ್ಯಾಟರಿಯ ಎರಡೂ ಟರ್ಮಿನಲ್‌ಗೆ ಮುಟ್ಟಿಸಿ ನೋಡಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಆಗಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಹೋಗಿದ್ದರೆ ಹೆಚ್ಚುಕಡಿಮೆ ಖಾಲಿ. ಆದರೆ ಖಾಲಿ ಆಗಿರುವುದು ಬೇರೆ, ಹಾಳಾಗಿರುವುದು ಬೇರೆ. ಚಾರ್ಜ್ ಮಾಡಿಸಿದ ಮೇಲೂ ಒಂದೆರಡು ದಿನದಲ್ಲಿ ಕುಸಿದರೆ ಆಗ ಅನುಮಾನಪಡಿ. ಜಂಪ್ ಸ್ಟಾರ್ಟ್ ಮಾಡಿ, ಅಂದರೆ ಬೇರೆ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಸ್ಟಾರ್ಟ್ ಮಾಡಿ, ಇಂಜಿನ್ ಓಡುತ್ತಿರುವಾಗಲೂ ಒಮ್ಮೆ ಅಳೆಯಿರಿ. ಸಾಮಾನ್ಯವಾಗಿ ಸುಮಾರು 14 ವೋಲ್ಟ್ ತೋರಿಸಬೇಕು. 12ರ ಆಸುಪಾಸಿನಲ್ಲೇ ಇದ್ದು ಇನ್ನೂ ಇಳಿಯುತ್ತಿದ್ದರೆ ತಪ್ಪು ಆಲ್ಟರ್ನೇಟರಿನದು, ಅಂದರೆ ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರದ್ದು. ಎಷ್ಟು ಹೊಸ ಬ್ಯಾಟರಿ ಹಾಕಿದರೂ ಅಷ್ಟೇ.

ಬ್ಯಾಟರಿಗೆ ಮೂರರಿಂದ ಐದು ವರ್ಷ ಆಗಿದ್ದರೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಅದರ ಕಾಲ ಮುಗಿದಿರುವ ಸಾಧ್ಯತೆಯೇ ಹೆಚ್ಚು. ಚಳಿಗೆ ಬ್ಯಾಟರಿ ಹಾಳಾಯಿತು ಅನ್ನುತ್ತಾರೆ. ನಿಜವಾಗಿ ಅದನ್ನು ತಿನ್ನುವುದು ಬಿಸಿಲು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಾನೆಟ್ ಕೆಳಗಿನ ಕಾವು ಹೇಗಿರುತ್ತೆ ಊಹಿಸಿ. ಬೆಂಗಳೂರಿನವರ ಕಷ್ಟ ಬೇರೆ. ದಿನಾ ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಸ್ಟಾರ್ಟಿಗೆ ಖರ್ಚಾದ ಕರೆಂಟೂ ಪೂರ್ತಿ ವಾಪಸ್ ತುಂಬದೇ ಹೋಗಬಹುದು.

ಯಾವ ಬ್ಯಾಟರಿ ತರಬೇಕು?

ಎಕ್ಸೈಡೋ ಅಮರಾನೋ ಅನ್ನುವ ಜಗಳ ಆಮೇಲೆ. ಮೊದಲು ಹಳೆಯ ಬ್ಯಾಟರಿಯ ಲೇಬಲ್ಲಿನ ಫೋಟೋ ತೆಗೆದುಕೊಳ್ಳಿ. ಉದ್ದ, ಅಗಲ, ಆಂಪಿಯರ್ ಅವರ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ), ಪ್ಲಸ್ ಯಾವ ಕಡೆ ಇದೆ, ಎಲ್ಲವೂ ಹೊಂದಬೇಕು. ಪ್ಲಸ್ ಎಡಕ್ಕಿರುವ ಕಾರಿಗೆ ಬಲಕ್ಕಿರುವುದನ್ನು ತಂದರೆ ವೈರು ತಲುಪುವುದೇ ಇಲ್ಲ. ಟರ್ಮಿನಲ್ ಗೂಟಗಳಲ್ಲೂ ದಪ್ಪ, ಸಣ್ಣ ಅಂತ ಎರಡು ಬಗೆ ಇವೆ.

ಇನ್ನೊಂದು ಮುಖ್ಯ ವಿಷಯ. ನಿಮ್ಮದು ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ಕಾರಾ? ಅದಕ್ಕೆ ಇಎಫ್‌ಬಿ ಅಥವಾ ಎಜಿಎಂ ಎಂಬ ಗಟ್ಟಿ ಜಾತಿಯ ಬ್ಯಾಟರಿ ಬೇಕು. ದಿನಕ್ಕೆ ಹತ್ತಾರು ಸಲ ಇಂಜಿನ್ ಎಬ್ಬಿಸುವ ಕೆಲಸ ಮಾಮೂಲಿ ಬ್ಯಾಟರಿಗೆ ಬಲು ಬೇಗ ಸುಸ್ತು ಹೊಡೆಸುತ್ತದೆ. ಅಂಗಡಿಯವರು ‘ಸುಮ್ನೆ ಇದನ್ನೇ ಹಾಕಿ ಸಾರ್, ಎರಡು ಸಾವಿರ ಉಳಿಯುತ್ತೆ’ ಅಂದರೆ ಒಪ್ಪಬೇಡಿ. ತಯಾರಾದ ತಿಂಗಳನ್ನೂ ನೋಡಿ. ಆರು ತಿಂಗಳು ಕಪಾಟಿನಲ್ಲಿ ಕೂತದ್ದು ಬೇಡ.

ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲೂ 12 ವೋಲ್ಟಿನ ಬ್ಯಾಟರಿ ಇರುತ್ತದೆ. ಅದು ಇರುವ ಜಾಗದಲ್ಲಿ ಕಿತ್ತಳೆ ಬಣ್ಣದ ದಪ್ಪ ವೈರು ಕಂಡರೆ ಬಾನೆಟ್ ಮುಚ್ಚಿ ಸರ್ವಿಸ್ ಸೆಂಟರಿಗೆ ಹೋಗಿ. ಆ ಕಿತ್ತಳೆ ವೈರಿನಲ್ಲಿರುವುದು ಮನುಷ್ಯನನ್ನು ಕೊಲ್ಲುವ ವೋಲ್ಟೇಜು.

ಈಗ ಕೆಲಸ

ಉಂಗುರ, ಕಡಗ, ಸ್ಟೀಲ್ ಗಡಿಯಾರ ಬಿಚ್ಚಿಡಿ. ಬೀಡಿ ಸಿಗರೇಟು ಹತ್ತಿರ ಬೇಡ, ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಕಾರು ಆಫ್ ಮಾಡಿ, ಒಂದು ಕಿಟಕಿ ಇಳಿಸಿ, ಬಾನೆಟ್ ತೆರೆದುಕೊಳ್ಳಿ. ಕೀ ಅನ್ನು ಮನೆಯೊಳಗೆ ಇಡಿ. ಬ್ಯಾಟರಿ ಕಳಚಿದಮೇಲೆ ಬಾಗಿಲು ಲಾಕ್ ಆಗಿ ಕೀ ಒಳಗೇ ಉಳಿದರೆ ಫಜೀತಿ. ಕೆಲವು ಕಾರುಗಳಲ್ಲಿ ಬ್ಯಾಟರಿ ಡಿಕ್ಕಿಯಲ್ಲೇ ಇರುತ್ತದೆ. ಅಂಥದ್ದಾದರೆ ಡಿಕ್ಕಿ ಬಾಗಿಲು ಮುಚ್ಚಿಕೊಳ್ಳದಂತೆ ನೋಡಿಕೊಳ್ಳಿ, ಯಾಕೆಂದರೆ ಅದು ತೆರೆಯುವುದೂ ಕರೆಂಟಿನಿಂದಲೇ. ಹದಿನೈದು ನಿಮಿಷ ಕಾಯಿರಿ. ಒಳಗಿನ ಕಂಪ್ಯೂಟರುಗಳು ಮಲಗಬೇಕು.

ಬಹಳಷ್ಟು ಕಾರುಗಳಿಗೆ 10 ಎಂಎಂ ಸ್ಪ್ಯಾನರ್ ಸಾಕು. ಮೊದಲು ಮೈನಸ್ ಬಿಚ್ಚಿ. ಇದನ್ನು ಎಲ್ಲರೂ ಹೇಳುತ್ತಾರೆ, ಯಾಕೆ ಅಂತ ಹೇಳುವವರು ಕಡಿಮೆ. ಕಾರಿನ ಇಡೀ ಬಾಡಿ ಮೈನಸ್‌ಗೆ ಕೂಡಿಕೊಂಡಿದೆ. ಪ್ಲಸ್ ನಟ್ಟು ತಿರುಗಿಸುವಾಗ ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಾಗಿದರೆ ಬ್ಯಾಟರಿಯ ಅಷ್ಟೂ ಕರೆಂಟ್ ಆ ಸ್ಪ್ಯಾನರಿನ ಮೂಲಕ ಹರಿಯುತ್ತದೆ. ಕಿಡಿ ಹಾರುತ್ತದೆ, ಸ್ಪ್ಯಾನರ್ ಕೆಂಪಗಾಗಿ ಅಂಟಿಕೊಂಡರೂ ಅಂಟಿಕೊಂಡಿತು. ಮೈನಸ್ ಬಿಚ್ಚಿಟ್ಟಿದ್ದರೆ ಅದೇ ಸ್ಪ್ಯಾನರ್ ಬಾಡಿಗೆ ತಾಗಿದರೂ ಏನೂ ಆಗುವುದಿಲ್ಲ.

ಹೊಸ ಕಾರುಗಳ ಮೈನಸ್ ಕ್ಲಾಂಪಿನ ಮೇಲೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಕಪ್ಪು ಡಬ್ಬಿ, ಅದಕ್ಕೊಂದು ಸಣ್ಣ ವೈರು ಇದೆಯಾ ನೋಡಿ. ಅದು ಬ್ಯಾಟರಿ ಸೆನ್ಸರ್. ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ. ನಟ್ಟು ಸಡಿಲ ಮಾಡಿ, ಕ್ಲಾಂಪನ್ನು ಕೈಯಿಂದ ಆಚೆ ಈಚೆ ತಿರುಗಿಸುತ್ತಾ ಮೇಲೆತ್ತಿ. ಪ್ಲಸ್ ಮೇಲೆ ಫ್ಯೂಸಿನ ಪೆಟ್ಟಿಗೆ ಕೂತಿದ್ದರೆ ಅದರ ಪ್ಲಾಸ್ಟಿಕ್ ಲಾಕ್ ಮುರಿಯದ ಹಾಗೆ ಬಿಡಿಸಿ. ಎರಡೂ ಬಿಚ್ಚಿದಮೇಲೆ ಬ್ಯಾಟರಿ ಹಿಡಿದಿರುವ ಪಟ್ಟಿ ತೆಗೆದು, ನೆಟ್ಟಗೆ ಎತ್ತಿ. ಸಣ್ಣ ಕಾರಿನದೇ ಹತ್ತು ಕೆಜಿ ಆಸುಪಾಸು ಇರುತ್ತದೆ. ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಿ ಎತ್ತಿ.

ಕ್ಲಾಂಪಿನಲ್ಲಿ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಬುಸುಬುಸು ನೊರೆ ಬಂದು ಕರಗುತ್ತದೆ. ಒರೆಸಿ ಒಣಗಿಸಿ. ಹೊಸ ಬ್ಯಾಟರಿ ಕೂರಿಸಿ, ಪಟ್ಟಿ ಬಿಗಿ ಮಾಡಿ. ಅಲ್ಲಾಡಬಾರದು. ಹಳೆಯದಕ್ಕೆ ಗಾಳಿ ಹೋಗುವ ಸಣ್ಣ ಪೈಪು ಇದ್ದರೆ ಹೊಸದಕ್ಕೂ ಸಿಕ್ಕಿಸಿ. ಈಗ ಮೊದಲು ಪ್ಲಸ್, ಕೊನೆಗೆ ಮೈನಸ್. ಟರ್ಮಿನಲ್ ಸೀಸದ್ದು, ಮೆತ್ತಗಿರುತ್ತದೆ. ಕೈಯಿಂದ ತಿರುಗಿಸಿದರೆ ಕ್ಲಾಂಪ್ ಜಗ್ಗದಿದ್ದರೆ ಸಾಕು, ಮೈಯ ಬಲವನ್ನೆಲ್ಲ ಹಾಕಬೇಡಿ. ಮೇಲೆ ಚೂರು ವ್ಯಾಸಲೀನ್ ಸವರಿ.

ಕಾರಿಗೆ ಮರೆವು

ಸ್ಟಾರ್ಟ್ ಮಾಡಿದ ಕೂಡಲೇ ಡ್ಯಾಶ್‌ಬೋರ್ಡಿನಲ್ಲಿ ದೀಪಾವಳಿ. ಹೆದರಬೇಡಿ. ಸ್ಟೀರಿಂಗ್ ಅಥವಾ ಜಾರುವ ಕಾರಿನ ಚಿಹ್ನೆ ಉರಿಯುತ್ತಿದ್ದರೆ, ಸ್ಟೀರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಸ್ವಲ್ಪ ದೂರ ನೇರ ಓಡಿಸಿ. ಬಹುತೇಕ ಆರುತ್ತದೆ. ಒಂದು ಒತ್ತಿಗೆ ಏರುತ್ತಿದ್ದ ಕಿಟಕಿ ಅರ್ಧಕ್ಕೆ ನಿಂತರೆ ಗಾಜು ಪೂರ್ತಿ ಇಳಿಸಿ, ಪೂರ್ತಿ ಏರಿಸಿ, ಸ್ವಿಚ್ಚನ್ನು ಹಾಗೇ ಕೆಲವು ಸೆಕೆಂಡ್ ಎಳೆದು ಹಿಡಿಯಿರಿ. ಇಂಜಿನ್ ಸದ್ದು ಏರಿಳಿಯಬಹುದು, ಆಟೊಮ್ಯಾಟಿಕ್ ಗೇರು ಒಂದೆರಡು ದಿನ ಜರ್ಕ್ ಹೊಡೆಯಬಹುದು. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗುವುದೂ ಕೂಡಲೇ ಶುರುವಾಗಲಿಕ್ಕಿಲ್ಲ. ಸೆನ್ಸರ್ ಹೊಸ ಬ್ಯಾಟರಿಯನ್ನು ಅರಿತುಕೊಳ್ಳಲು ಸಮಯ ಬೇಕು.

ಬಿಎಂಡಬ್ಲ್ಯು, ಆಡಿಯಂಥ ಕಾರುಗಳ ಕಥೆ ಬೇರೆ. ಹೊಸ ಬ್ಯಾಟರಿ ಬಂದಿದೆ ಅಂತ, ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಹಾಕಿ ಕಾರಿಗೆ ತಿಳಿಸಬೇಕು. ಇಲ್ಲದಿದ್ದರೆ ಮುದಿ ಬ್ಯಾಟರಿಗೆ ಮಾಡುತ್ತಿದ್ದ ಹಾಗೇ ಹೊಸದನ್ನೂ ಚಾರ್ಜ್ ಮಾಡುತ್ತದೆ. ಸ್ಕ್ಯಾನರ್ ಇಲ್ಲದವರು ಈ ಕೆಲಸಕ್ಕೆ ಕೈಹಾಕದಿರುವುದೇ ವಾಸಿ.

ನೆನಪು ಅಳಿಸಿಹೋಗದಿರಲಿ ಅಂತ ಕಾರಿಗೆ ಹೊರಗಿನಿಂದ ಕರೆಂಟ್ ಕೊಡುವ ಸಾಧನ ಸಿಗುತ್ತದೆ. ನನಗೆ ಇಷ್ಟವಿಲ್ಲ. ಅದನ್ನು ಸಿಕ್ಕಿಸಿದರೆ ಪ್ಲಸ್ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಐದು ನಿಮಿಷದ ಕಿಟಕಿ ಪಾಠ ಉಳಿಸಲು ಆ ರಿಸ್ಕ್ ಯಾಕೆ?

ಹಳೆಯದನ್ನು ಗುಜರಿಯವರಿಗೆ ಕೊಡಬೇಡಿ. ಬ್ಯಾಟರಿ ಅಂಗಡಿಯವರೇ ವಾಪಸ್ ತೆಗೆದುಕೊಂಡು ಬಿಲ್ಲಿನಲ್ಲಿ ಕಡಿಮೆ ಮಾಡುತ್ತಾರೆ. ಬ್ಯಾಟರಿ ತಯಾರಿಸಿದವರೇ ಅದರ ವಿಲೇವಾರಿಯ ಹೊಣೆ ಹೊರಬೇಕು ಎಂದು 2022ರ ಬ್ಯಾಟರಿ ತ್ಯಾಜ್ಯ ನಿಯಮವೂ ಹೇಳುತ್ತದೆ. ವಾರಂಟಿ ಕಾರ್ಡಿಗೆ ತಾರೀಖು, ಸೀಲು ಅಲ್ಲೇ ಹಾಕಿಸಿಕೊಳ್ಳಿ. ಹಳೆಯ ಬ್ಯಾಟರಿಯನ್ನು ಡಿಕ್ಕಿಯಲ್ಲಿ ನೆಟ್ಟಗೆ ನಿಲ್ಲಿಸಿ ಒಯ್ಯಿರಿ, ಒಳಗಿರುವುದು ಆ್ಯಸಿಡ್. ನಾನು ಅದನ್ನು ತೊಡೆಗೆ ಆನಿಸಿಕೊಂಡು ಎತ್ತಿದ್ದೆ. ಆ ದಿನ ಪ್ಯಾಂಟಿಗೆ ಏನೂ ಆಗಿರಲಿಲ್ಲ. ವಾಷಿಂಗ್ ಮೆಷಿನ್ನಿನಿಂದ ಹೊರಬಂದಾಗ ತೊಡೆಯ ಜಾಗದಲ್ಲಿ ನಾಲ್ಕು ತೂತು.