ಜೇಕು ಹೋಗೋಕೆ ನನಗೆ ಎರಡು ವರ್ಷ ಹಿಡಿಯಿತು

ನಮ್ಮ ಹಿತ್ತಲು ದೊಡ್ಡದೇನಲ್ಲ. ಮೈಸೂರಿನ ಹೊರಗಿನ ಒಂದು ಬಡಾವಣೆಯಲ್ಲಿ ಮನೆ ಕಟ್ಟಿ ಉಳಿದದ್ದು 15 ಅಡಿ ಅಗಲ, 20 ಅಡಿ ಉದ್ದದ ಜಾಗ. ಅದರಲ್ಲೂ ಜಲ್ಲಿ, ಸಿಮೆಂಟ್ ಚೂರು ತುಂಬಿತ್ತು ಅಂತ ಮೇಲೆ ಒಂದು ಟ್ರ್ಯಾಕ್ಟರ್ ಕೆಮ್ಮಣ್ಣು ಹೊಡೆಸಿದೆವು. ಮಣ್ಣು ನೋಡೋಕೆ ಚೆನ್ನಾಗೇ ಇತ್ತು. ಹರಡುವಾಗ ಕಡಲೆಕಾಳಿನಷ್ಟು ದಪ್ಪದ ಕಪ್ಪು ಗಡ್ಡೆಗಳು ಅಲ್ಲಲ್ಲಿ ಕಂಡವು. ಏನೋ ಬೇರಿನ ಚೂರಿರಬೇಕು ಅಂದುಕೊಂಡು ಬಿಟ್ಟೆ. ಮಳೆ ಬಿದ್ದು ಎರಡು ವಾರಕ್ಕೆ ಹಿತ್ತಲ ತುಂಬ ಹಸಿರು ಸೂಜಿಗಳು.

ಅದು ಜೇಕು. ಕೊನ್ನಾರಿ ಅಂತಲೂ ಕರೀತಾರೆ, ಆಯುರ್ವೇದದವರಿಗೆ ಭದ್ರಮುಷ್ಟಿ. ಹುಲ್ಲಿನ ಹಾಗೆ ಕಂಡರೂ ಹುಲ್ಲಲ್ಲ. ಹೂ ಬಿಡುವ ಕಡ್ಡಿಯನ್ನು ಬೆರಳಲ್ಲಿ ಹೊರಳಿಸಿ ನೋಡಿ, ಮೂರು ಅಂಚು ಕೈಗೆ ಸಿಗುತ್ತದೆ. ಗರಿಕೆಯಲ್ಲಿ ಹಾಗಿರುವುದಿಲ್ಲ. ಇದನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು, ಯಾಕೆಂದರೆ ಬೇರೆ ಕಳೆಗೆ ಮಾಡುವ ಉಪಾಯ ಇದಕ್ಕೆ ನಡೆಯುವುದಿಲ್ಲ.

ಮೊದಲ ಮಳೆಗಾಲ ಪೂರ್ತಿ ನಾನು ಕೈಯಲ್ಲಿ ಕಿತ್ತೆ. ಬೆಳಿಗ್ಗೆ ಕಾಫಿ ಕುಡಿದು ಕೂತರೆ ಒಂದು ಬುಟ್ಟಿ ಕೀಳುತ್ತಿದ್ದೆ, ಮನಸ್ಸಿಗೂ ಸಮಾಧಾನ. ಆದರೆ ಎಳೆದಾಗ ಟಪ್ ಅಂತ ಮೇಲಿನ ಎಲೆ ಮಾತ್ರ ಕೈಗೆ ಬರುತ್ತದೆ, ಗಡ್ಡೆ ಕೆಳಗೇ ಉಳಿಯುತ್ತದೆ. ವಾರದೊಳಗೆ ಮತ್ತೆ ಅಷ್ಟೇ. ಬೇಸತ್ತು ಒಬ್ಬ ಆಳನ್ನು ಕರೆಸಿ ಇಡೀ ಹಿತ್ತಲನ್ನು ಗುದ್ದಲಿಯಲ್ಲಿ ಅಗೆಸಿದೆ. ಆಮೇಲೆ ಹುಟ್ಟಿದ್ದು ಮೊದಲಿನ ಹತ್ತರಷ್ಟು.

ಆ ಸಲ ಗುಂಡ್ಲುಪೇಟೆಯಿಂದ ನಮ್ಮ ಮಾವ ಬಂದಿದ್ದರು. ಅರಿಶಿನ ಬೆಳೆಯುವವರು, ಜೇಕಿನ ಜೊತೆ ಜೀವನವೆಲ್ಲ ಗುದ್ದಾಡಿದವರು. ಹಿತ್ತಲ ಬಾಗಿಲಲ್ಲಿ ನಿಂತು ನೋಡಿ ನಕ್ಕರು. “ನೀನೇ ನಾಟಿ ಹಾಕಿಸಿದ್ದೀಯಲ್ಲಮ್ಮ ಇದನ್ನ!” ಅಂದರು.

ಆಮೇಲೆ ಒಂದು ಕಡೆ ನಿಧಾನವಾಗಿ ಬಗೆದು ತೋರಿಸಿದರು. ಗಡ್ಡೆಗಳು ಒಂಟಿಯಾಗಿ ಇರುವುದಿಲ್ಲ, ತಂತಿಯಂಥ ಬೇರಿನಲ್ಲಿ ಸರದ ಹಾಗೆ ಪೋಣಿಸಿಕೊಂಡಿರುತ್ತವೆ. ಸರ ಹರಿಯದೆ ಇರುವಷ್ಟು ದಿನ ತುದಿಯ ಗಡ್ಡೆ ಚಿಗುರುತ್ತದೆ, ಹಿಂದಿನವು ಬಹುಪಾಲು ಮಲಗಿರುತ್ತವೆ. ಗುದ್ದಲಿ ಬಿದ್ದು ಸರ ತುಂಡಾಯಿತೋ, ಮಲಗಿದ್ದವೂ ಎದ್ದು ಕೂರುತ್ತವೆ. ದುಡ್ಡು ಕೊಟ್ಟು ನಾನು ಮಾಡಿಸಿದ್ದು ಅದನ್ನೇ.

ಬುದ್ಧಿ ಬಂತು ಅಂದುಕೊಳ್ಳಬೇಡಿ. ಅವರು ಊರಿಗೆ ಹೋದ ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ ತಂದು ಹೊದಿಸಿದೆ. ಜೇಕಿನ ಮೊಳಕೆ ಸೂಜಿಯ ಹಾಗೆ ಚೂಪು. ಹಾಳೆಯನ್ನು ತೂತು ಮಾಡಿಕೊಂಡೇ ಮೇಲೆ ಬಂತು. ಉಪ್ಪು, ವಿನೆಗರ್ ಅಂತ ಹೇಳಿದವರೂ ಇದ್ದರು. ವಿನೆಗರ್ ಎಲೆ ಸುಡುತ್ತದೆ ಅಷ್ಟೇ, ಗಡ್ಡೆಗೆ ಏನೂ ಆಗಲ್ಲ. ಉಪ್ಪು ಹಾಕಿದರೆ ಜೇಕಿಗಿಂತ ಮೊದಲು ನನ್ನ ಕರಿಬೇವು ಹೋಗುತ್ತಿತ್ತು. ಗ್ಲೈಫೋಸೇಟ್ ಅನ್ನುವ ಕಳೆನಾಶಕ ತಂದು ಹೊಡಿ ಅಂದರು ಪಕ್ಕದ ಮನೆಯವರು. ಅದನ್ನು ಕೀಟ ನಿಯಂತ್ರಣದ ಪರವಾನಗಿ ಇರುವವರು ಮಾತ್ರ ಬಳಸಬೇಕು ಅಂತ ಕೇಂದ್ರ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿದೆ. ಅದು ಇಲ್ಲದಿದ್ದರೂ, ಸೊಪ್ಪು ಕಿತ್ತು ಸಾರಿಗೆ ಹಾಕುವ ಜಾಗಕ್ಕೆ ನಾನು ಹೊಡೆಯುತ್ತಿರಲಿಲ್ಲ.

ಕೊನೆಗೆ ಹಿತ್ತಲನ್ನು ಎರಡು ಪಾಲು ಮಾಡಿದೆ. ಎಲ್ಲವನ್ನೂ ಒಟ್ಟಿಗೆ ಹಿಡಿಯೋಕೆ ನನ್ನ ಸೊಂಟ ಒಪ್ಪಲಿಲ್ಲ.

ಅಡುಗೆಮನೆ ಕಡೆಯ ಪಾಲನ್ನು ಫೆಬ್ರವರಿಯಲ್ಲಿ ಶುರು ಮಾಡಿದೆ, ಮಣ್ಣು ಒಣಗಿ ಪುಡಿಯಾಗುವ ಕಾಲ ಅದು. ಗಾರೆ ಕೆಲಸದವರು ಮರಳು ಜರಡಿ ಹಿಡಿಯುವ ದೊಡ್ಡ ಜಾಲರಿ ಬಾಡಿಗೆಗೆ ತಂದು, ಒಂದೂಕಾಲು ಅಡಿ ಆಳದವರೆಗೆ ಮಣ್ಣನ್ನು ಬಾಂಡ್ಲಿಯಲ್ಲಿ ತೆಗೆದು ಸೋಸಿದೆ. ಹೆಚ್ಚಿನ ಗಡ್ಡೆ ಮೇಲಿನ ಅರ್ಧ ಅಡಿಯಲ್ಲೇ ಸಿಕ್ಕವು, ಆದರೆ ಅಡಿಯ ಕೆಳಗೂ ಅಲ್ಲೊಂದು ಇಲ್ಲೊಂದು ಇತ್ತು. ದಿನಕ್ಕೆ ಎರಡು ಗಂಟೆಯಂತೆ ಸುಮಾರು ಒಂದು ತಿಂಗಳ ಕೆಲಸ. ಮಣ್ಣು ಹಸಿ ಇದ್ದರೆ ಇದನ್ನು ಮಾಡೋಕೆ ಹೋಗಬೇಡಿ, ಉಂಡೆ ಕಟ್ಟಿದ ಮಣ್ಣೊಳಗೆ ಗಡ್ಡೆ ಕಾಣುವುದೇ ಇಲ್ಲ.

ಸೋಸಿದ ಗಡ್ಡೆಯನ್ನು ಗೊಬ್ಬರದ ಗುಂಡಿಗೆ ಹಾಕುವ ತಪ್ಪು ಮಾಡಲಿಲ್ಲ, ತಾರಸಿಯ ಮೇಲೆ ತೆಳ್ಳಗೆ ಹರಡಿದೆ. ಎಷ್ಟು ದಿನ ಬಿಸಿಲು ಬೇಕು ಅನ್ನುವ ಅನುಮಾನ ಇತ್ತು, ಅದಕ್ಕೆ ಒಂದು ಸಣ್ಣ ಪರೀಕ್ಷೆ ಮಾಡಿದೆ. ನಾಲ್ಕು ದಿನ ಒಣಗಿದ 20 ಗಡ್ಡೆಯನ್ನು ಕುಂಡದಲ್ಲಿ ಹಾಕಿ ನೀರು ಹಾಕಿದರೆ 13 ಮೊಳೆತವು! ಮೂರು ವಾರ ಒಣಗಿ ಕಲ್ಲಿನಂತಾದ 20ರಲ್ಲಿ ಒಂದೂ ಏಳಲಿಲ್ಲ. ಹಾಗಾಗಿ ಮೂರು ವಾರ, ಅದೂ ಬೇಸಿಗೆಯ ಬಿಸಿಲು.

ಕಾಂಪೌಂಡ್ ಕಡೆಯ ಪಾಲಿನಲ್ಲಿ ಅಗೆಯಲೇ ಇಲ್ಲ. ಅಲ್ಲಿ ಮಾವ ಹೇಳಿದ ದಾರಿ. ಪ್ರತಿ ಹತ್ತು ದಿನಕ್ಕೊಮ್ಮೆ, ಎಲೆ ನಾಲ್ಕೈದು ಬಂದ ಕೂಡಲೇ, ಕುರ್ಪಿಯಲ್ಲಿ ಮಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಕೊಯ್ಯುವುದು. ಎಲೆ ಬಿಡೋಕೆ ಗಡ್ಡೆ ತನ್ನ ಕೂಡಿಟ್ಟ ಗಂಟನ್ನೇ ಖರ್ಚು ಮಾಡಬೇಕು. ಆ ಎಲೆ ಬಿಸಿಲು ಕಂಡು ದುಡಿದು ಗಂಟು ತುಂಬಿಸುವ ಮೊದಲೇ ಕೊಯ್ದರೆ, ಪ್ರತಿ ಸಲವೂ ಖರ್ಚೇ ಹೊರತು ಜಮೆ ಇಲ್ಲ. ಮೂರು ನಾಲ್ಕು ವಾರ ಸುಮ್ನೆ ಬಿಟ್ಟಿರೋ, ಹೊಸ ಗಡ್ಡೆ ಕಟ್ಟಿಕೊಳ್ಳುತ್ತದೆ. ನಾನು ತಂಗಿ ಮಗಳ ಮದುವೆ ಓಡಾಟದಲ್ಲಿ ಒಂದು ತಿಂಗಳು ಬಿಟ್ಟೆ. ಅಷ್ಟರಲ್ಲಿ ಕಂದು ತೆನೆ ಬಿಟ್ಟು ನಿಂತಿತ್ತು, ನಾಲ್ಕು ತಿಂಗಳ ಕೆಲಸ ನೀರಲ್ಲಿ ಹೋಯಿತು.

ಜೂನ್‌ನಲ್ಲಿ ಅಲ್ಲೇ ಗೆಣಸಿನ ಬಳ್ಳಿ ಒತ್ತಾಗಿ ನೆಟ್ಟೆ. ಜೇಕಿಗೆ ನೆರಳು ಅಂದರೆ ಆಗುವುದಿಲ್ಲ. ಬಳ್ಳಿ ಮುಚ್ಚಿಕೊಳ್ಳುವ ತನಕ, ಅಂದರೆ ಸುಮಾರು ಒಂದೂವರೆ ತಿಂಗಳು ಕೊಯ್ಯುವುದು ತಪ್ಪಲಿಲ್ಲ. ಆಮೇಲೆ ಎಲೆಯ ಕೆಳಗೆ ಬಂದದ್ದೆಲ್ಲ ಬಿಳಚಿಕೊಂಡ ಸಣಕಲು ಎಳೆ. ಗೆಣಸು ಕಿತ್ತಾಗ ಮೂರು ಗೆಡ್ಡೆಯಲ್ಲಿ ಈ ಕಡೆಯಿಂದ ಆ ಕಡೆಗೆ ಜೇಕಿನ ಮೊಳಕೆ ತೂರಿಕೊಂಡಿತ್ತು. ಪ್ಲಾಸ್ಟಿಕ್ ಯಾವ ಲೆಕ್ಕ ಅನ್ನಿಸಿತು.

ಎರಡರಲ್ಲಿ ಯಾವುದು ಮೇಲು? ಸೋಸಿದ ಪಾಲು ಒಂದೇ ಬೇಸಿಗೆಯಲ್ಲಿ ಹೆಚ್ಚುಕಡಿಮೆ ಶುದ್ಧವಾಯಿತು, ಆದರೆ ನನ್ನ ಸೊಂಟ ಅದನ್ನು ಇನ್ನೂ ಮರೆತಿಲ್ಲ. ಕೊಯ್ದ ಪಾಲಿಗೆ ಎರಡು ವರ್ಷ ಹಿಡಿಯಿತು, ಹತ್ತು ದಿನಕ್ಕೆ ಅರ್ಧ ಗಂಟೆ ಅಷ್ಟೇ. ಜಾಗ ಇದಕ್ಕಿಂತ ದೊಡ್ಡದಿದ್ದರೆ ಸೋಸುವ ಯೋಚನೆ ಬಿಡಿ. ನರ್ಸರಿಯಿಂದ ಗಿಡ ತಂದಾಗ ಈಗ ಕವರ್ ಹರಿದು ಬೇರಿನ ಸುತ್ತ ಬೆರಳಾಡಿಸಿಯೇ ನೆಡುತ್ತೇನೆ, ಎರಡು ಸಲ ಅಲ್ಲೇ ಕಳ್ಳ ಸಿಕ್ಕಿದ್ದಾನೆ.

ಇನ್ನೊಂದು ಮಾತು. ತಾರಸಿಯಲ್ಲಿ ಒಣಗಿದ ಗಡ್ಡೆಯನ್ನು ನಮ್ಮ ಅತ್ತೆ ಎಸೆಯೋಕೆ ಬಿಡಲಿಲ್ಲ. ಒಳ್ಳೆ ಪರಿಮಳ ಅದಕ್ಕೆ, ಸ್ನಾನದ ಪುಡಿಗೆ ಹಾಕುತ್ತಾರೆ. ತೊಳೆದು, ಕಡಲೆಹಿಟ್ಟು, ಕಸ್ತೂರಿ ಅರಿಶಿನದ ಜೊತೆ ಸೇರಿಸಿ ವರ್ಷಕ್ಕಾಗುವಷ್ಟು ಮಾಡಿಟ್ಟರು. ಹೋದ ದೀಪಾವಳಿಗೆ ಆ ಡಬ್ಬ ಖಾಲಿಯಾಯಿತು. ಹಿತ್ತಲೆಲ್ಲ ಹುಡುಕಿದರೂ ಒಂದು ಹಿಡಿ ಸಿಗಲಿಲ್ಲ, ಗ್ರಂಥಿಗೆ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಕಾಲು ಕೆಜಿ ತಂದೆ.