ಕೈ ಎತ್ತಿದಾಗ ಓಲಾಡುತ್ತಿದ್ದ ಇಸಿಜಿ ಗೆರೆ ಸರಿಹೋದದ್ದು ಹೀಗೆ

ಜೆಲ್ ಇರುವ ಇಸಿಜಿ ಪ್ಯಾಚ್ ದಿನ ಕಳೆದಂತೆ ಒಣಗುತ್ತದೆ, ಚರ್ಮವೂ ತುರಿಸುತ್ತದೆ. ಅದಕ್ಕೇ ನಮ್ಮ ಲ್ಯಾಬಿನಲ್ಲಿ ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರಿನ ಮೇಲೆ ಬೆಳ್ಳಿಯ ನ್ಯಾನೋತಂತಿ (ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ) ಕೂರಿಸಿ, ಹಿಗ್ಗುವ ಒಣ ಎಲೆಕ್ಟ್ರೋಡ್, ಅಂದರೆ ಚರ್ಮದಿಂದ ಹೃದಯದ ವಿದ್ಯುತ್ ಸಂಕೇತ ಹಿಡಿಯುವ ಪಟ್ಟಿ, ಮಾಡಿದೆ. ಸುಮ್ನೆ ಕೂತಿದ್ದರೆ ಗೆರೆ ಚೆಂದ ಬರುತ್ತಿತ್ತು. ಕೈ ಎತ್ತಿದರೆ ಸಾಕು, ಮೇಲೆ ಕೆಳಗೆ ಓಲಾಡುತ್ತಿತ್ತು.

ಮೊದಲು ನಿಧಾನದ ಏರಿಳಿತಗಳನ್ನು ತಡೆಯುವ ಫಿಲ್ಟರಿನ ಕಟಾಫ್, ಅಂದರೆ ಯಾವ ಆವರ್ತನಕ್ಕಿಂತ ಕೆಳಗಿನದನ್ನು ತಡೆಯಬೇಕೆಂಬ ಮಿತಿ, 0.05ರಿಂದ 0.5 ಹರ್ಟ್ಸ್‌ಗೆ ಏರಿಸಿದೆ. ಓಲಾಟ ತಗ್ಗಿತು. ಆದರೆ ಎಸ್‌ಟಿ ಭಾಗದ (ಪ್ರತಿ ಬಡಿತದ ಚೂಪು ಶಿಖರದ ನಂತರ ಬರುವ ಗೆರೆಯ ತುಂಡು) ಆಕಾರ ಕೆಡುವ ಭಯ. ಹೃದಯಕ್ಕೆ ರಕ್ತ ಸಾಲದಿದ್ದರೆ ಸುಳಿವು ಸಿಗುವುದೇ ಅಲ್ಲಿ, ಅಲ್ವಾ? ಮತ್ತೆ ಹಿಂದಕ್ಕೆ ಇಳಿಸಿದೆ.

ತಪ್ಪು ಇದ್ದದ್ದು ಎಲೆಕ್ಟ್ರೋಡಿನಲ್ಲೇ. ಚರ್ಮ ಹಿಗ್ಗುತ್ತಿತ್ತು, ದಪ್ಪ ರಬ್ಬರು ಅದರ ಜೊತೆ ಹೋಗದೆ ಜಾರುತ್ತಿತ್ತು. ರಬ್ಬರಿಗೆ ಗಟ್ಟಿಮಾಡುವ ದ್ರವವನ್ನು 10ಕ್ಕೆ 1ರ ಬದಲು 20ಕ್ಕೆ 1ರಂತೆ ಬೆರೆಸಿದೆ. ಮೆತ್ತಗಾಗಿ ಚರ್ಮಕ್ಕೆ ಅಂಟಿಕೊಂಡಿತು. ಪದರವನ್ನೂ ತೆಳು ಮಾಡಿದೆ. ಎಲೆಕ್ಟ್ರೋಡಿನಿಂದ ಯಂತ್ರಕ್ಕೆ ಹೋಗುವ ತಂತಿಯನ್ನು ಹಾವಿನ ಹಾಗೆ ಬಳುಕಿಸಿ ಪಕ್ಕದಲ್ಲೇ ಟೇಪ್ ಹಾಕಿದೆ, ಎಳೆತ ನೇರವಾಗಿ ಎಲೆಕ್ಟ್ರೋಡಿಗೆ ಬೀಳಬಾರದಲ್ಲ.

ಇನ್ನೊಂದು ಮಾತು. ಹಚ್ಚಿದ ಕೂಡಲೇ ಅಳೆಯಬೇಡಿ, ಕಾಲು ಗಂಟೆ ಬಿಡಿ. ಅಡಿಯಲ್ಲಿ ಸ್ವಲ್ಪ ಬೆವರು ಸೇರಿದ ಮೇಲೆ ಇಂಪೀಡೆನ್ಸ್, ಅಂದರೆ ಚರ್ಮ ಮತ್ತು ಎಲೆಕ್ಟ್ರೋಡಿನ ನಡುವಿನ ವಿದ್ಯುತ್ ತಡೆ, ಇಳಿಯುತ್ತದೆ.

ಈಗ ಮೆಟ್ಟಿಲು ಹತ್ತುವಾಗಲೂ ಆರ್ ಶಿಖರಗಳನ್ನು (ಪ್ರತಿ ಬಡಿತದ ಎತ್ತರದ ಚೂಪು ತುದಿ) ಒಂದೊಂದಾಗಿ ಎಣಿಸಬಹುದು.